ಹೆಸರು ಹಿಡಿದು ಸ್ತೋತ್ರ ಹೇಳುವುದು: ದಿನನಿತ್ಯದ ಕೃತಜ್ಞತೆಗೆ ಒಂದು ಮಾರ್ಗದರ್ಶಿ

ಅಮ್ಮನಿಗೆ ಆಪರೇಷನ್ ಆಗಿ ಮನೆಗೆ ಬಂದ ಮೇಲೆ ಲಿಂಗರಾಜಪುರದ ನಮ್ಮ ಮನೆಯಲ್ಲಿ ಕೃತಜ್ಞತಾ ಕೂಟ ಇಟ್ಟುಕೊಂಡಿದ್ದೆವು. ನಮ್ಮ ಚರ್ಚಿನ ಸಭೆಯವರು ಬಂದಿದ್ದರು. ಅಯ್ಯನವರು, ಅಂದರೆ ನಮ್ಮ ಪಾದ್ರಿ, ಬೈಬಲ್ ವಾಕ್ಯ ಹೇಳಿದರು, ಎರಡು ಹಾಡು ಹಾಡಿದೆವು, ಮಹಡಿ ಮೇಲೆ ಬಿರಿಯಾನಿ ಬಡಿಸಿದೆವು. ನಾನು ಎದ್ದು ನಿಂತು ಸಾಕ್ಷಿ ಹೇಳಿದೆ, ಅಂದರೆ ದೇವರು ಮಾಡಿದ ಉಪಕಾರವನ್ನು ಎಲ್ಲರ ಮುಂದೆ ಹೇಳಿದೆ. ದೇವರಿಗೆ ಸ್ತೋತ್ರ, ಡಾಕ್ಟರಿಗೆ ವಂದನೆ, ರಕ್ತ ಕೊಟ್ಟ ಹುಡುಗರಿಗೆ ವಂದನೆ, ದುಡ್ಡು ಹೊಂದಿಸಿಕೊಟ್ಟ ಭಾವನಿಗೆ ವಂದನೆ, ಉಪವಾಸ ಇದ್ದು ಪ್ರಾರ್ಥನೆ ಮಾಡಿದ ಅಕ್ಕಂದಿರಿಗೆ ವಂದನೆ. ಚೆನ್ನಾಗಿ ಮಾತಾಡಿದೆ ಅಂತ ನನಗೇ ಅನ್ನಿಸಿತ್ತು. ಎಲ್ಲರೂ ಹೋದ ಮೇಲೆ ಅಮ್ಮ ಕೇಳಿದಳು: "ಎಲ್ಲರ ಹೆಸರೂ ಹೇಳ್ದೆ. ರಾತ್ರಿ ಹೊತ್ತು ನನ್ನ ಎತ್ತಿ ಕೂರಿಸಿ ಬಟ್ಟೆ ಬದಲಾಯಿಸ್ತಿದ್ಲಲ್ಲ ಆ ಆಯಾ, ಅವಳ ಹೆಸರು ಯಾಕೋ ಹೇಳ್ಲಿಲ್ಲ?"

ನನಗೆ ಅವಳ ಹೆಸರೇ ಗೊತ್ತಿರಲಿಲ್ಲ. ಒಂಬತ್ತು ರಾತ್ರಿ ಅದೇ ವಾರ್ಡಿನಲ್ಲಿ ಕುರ್ಚಿ ಮೇಲೆ ಮಲಗಿದ್ದೆ, ಅವಳು ಬಂದಾಗಲೆಲ್ಲ ಕಾಲು ಮಡಚಿ ದಾರಿ ಬಿಟ್ಟಿದ್ದೆ, ಅಷ್ಟೇ. ಮುಂದಿನ ವಾರ ಆಸ್ಪತ್ರೆಗೆ ಹೋಗಿ ವಿಚಾರಿಸಿದೆ. ಏಜೆನ್ಸಿ ಕಡೆಯವಳು, ಬೇರೆ ಕಡೆ ಹಾಕಿದ್ದಾರೆ ಅಂದರು. ಎಲ್ಲಿಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ಇನ್ನೂ ಎರಡು ಸಲ ಹೋದೆ. ಸಿಗಲಿಲ್ಲ.

ನಾನು ಕೆಲಸ ಮಾಡುವುದು ಅಕೌಂಟ್ಸ್ ವಿಭಾಗದಲ್ಲಿ. ನಮ್ಮಲ್ಲಿ ಒಂದು ವೋಚರ್ ಪಾಸ್ ಆಗಬೇಕಾದರೆ ಯಾರಿಗೆ, ಎಷ್ಟು, ಯಾತಕ್ಕೆ, ಯಾವ ದಿನ ಅಂತ ಬರೆದಿರಲೇಬೇಕು. ಐವತ್ತು ರೂಪಾಯಿ ಟೀ ಖರ್ಚಿಗೂ ಇದೇ ನಿಯಮ. ಹಾಗಿರುವಾಗ ದೇವರಿಗೆ ಹೇಳುವ ಸ್ತೋತ್ರ ಮಾತ್ರ ಯಾಕೆ ಹೆಸರಿಲ್ಲದೆ, ತಾರೀಖಿಲ್ಲದೆ, ಸುಮ್ನೆ "ಎಲ್ಲದಕ್ಕೂ ಸ್ತೋತ್ರ ಕರ್ತನೇ" ಅಂತ ಸಗಟು ಲೆಕ್ಕದಲ್ಲಿ ಹೋಗುತ್ತದೆ? ನಮ್ಮ ಸಭೆಗಳಲ್ಲಿ ಸ್ತೋತ್ರ ಅನ್ನುವ ಪದ ಕೆಲವೊಮ್ಮೆ ಕೆಮ್ಮಿನ ಹಾಗೆ ಬರುತ್ತದೆ, ಅಲ್ವಾ? ಮೈಕ್ ಸರಿ ಮಾಡುವಾಗ ಒಂದು, ಹಾಡಿನ ನಂಬರ್ ಹುಡುಕುವಾಗ ಒಂದು. ನಾನೂ ಅದೇ ಗುಂಪಿನವನು, ಹೊರಗೆ ನಿಂತು ಹೇಳುತ್ತಿಲ್ಲ.

ಆ ಕೂಟದ ಮಾರನೇ ದಿನದಿಂದ ಕೆಲವು ಅಭ್ಯಾಸ ಮಾಡಿಕೊಂಡೆ. ಕೆಲವು ನಿಂತವು, ಕೆಲವು ಬಿದ್ದುಹೋದವು. ನಿಂತವನ್ನು ಇಲ್ಲಿ ಬರೆಯುತ್ತೇನೆ. ಕ್ರೈಸ್ತರಲ್ಲದವರೂ ಓದಬಹುದು, ಆದರೆ ನಾನು ಬೈಬಲ್ ಇಟ್ಟುಕೊಂಡೇ ಮಾತಾಡುವುದು.

ಒಂದು ನೋಟ್‌ಬುಕ್ ತಗೊಳ್ಳಿ

ಚೆಂದದ ಡೈರಿ ಬೇಡ. ಚೆಂದದ ಡೈರಿ ತಂದರೆ ಚೆಂದದ ಮಾತು ಬರೆಯಬೇಕು ಅನ್ನಿಸುತ್ತದೆ, ಮೂರು ದಿನ ಬರೆದು ಬಿಡುತ್ತೀರಿ. ಅವೆನ್ಯೂ ರೋಡಿನಲ್ಲಿ, ರೈಸ್ ಸ್ಮಾರಕ ದೇವಾಲಯ ಇರುವ ಆ ರಸ್ತೆಯಲ್ಲೇ, ಸಾಲು ಸಾಲು ಪುಸ್ತಕದ ಅಂಗಡಿ ಇವೆ. ಅಲ್ಲಿ ಸಿಗುವ ಉದ್ದನೆಯ ಲೆಕ್ಕದ ಪುಸ್ತಕ ಸಾಕು. ಮಕ್ಕಳ ಹಳೇ ನೋಟ್‌ಬುಕ್ಕಿನ ಉಳಿದ ಹಾಳೆಗಳಾದರೂ ಆದೀತು.

ದಿನಕ್ಕೆ ಮೂರು ಸಾಲು. ಪ್ರತಿ ಸಾಲಿನಲ್ಲಿ ಮೂರು ವಿಷಯ ಇರಲಿ: ಏನು ಸಿಕ್ಕಿತು, ಯಾರ ಕೈಯಿಂದ ಸಿಕ್ಕಿತು, ಎಲ್ಲಿ ಸಿಕ್ಕಿತು. "ಒಳ್ಳೆ ಆರೋಗ್ಯ, ಒಳ್ಳೆ ಕುಟುಂಬ, ಒಳ್ಳೆ ಕೆಲಸ" ಅಂತ ಬರೆಯಬೇಡಿ. ಅದು ಸುಳ್ಳಲ್ಲ, ಆದರೆ ನಾಳೆಯೂ ಅದೇ ಬರೆಯುತ್ತೀರಿ, ನಾಡಿದ್ದೂ ಅದೇ, ವಾರ ಕಳೆಯುವಷ್ಟರಲ್ಲಿ ಕೈ ಬರೆಯುತ್ತಿರುತ್ತದೆ, ಮನಸ್ಸು ನಿದ್ದೆ ಹೋಗಿರುತ್ತದೆ. ನನ್ನ ಪುಸ್ತಕದ ಒಂದು ದಿನ ಹೀಗಿದೆ: "ಹೆಣ್ಣೂರು ಕ್ರಾಸ್ ಹತ್ತಿರ ಮಳೆ ಬಂದಾಗ ಗೊತ್ತಿಲ್ಲದ ಹುಡುಗ ಕೊಡೆ ಹಿಡಿದು ಬಸ್ ಶೆಲ್ಟರ್ ತನಕ ಬಂದ. ಹೆಂಡತಿ ಹುರುಳಿಕಾಳು ಬಸ್ಸಾರು ಮಾಡಿದ್ದಳು. ಬ್ಯಾಂಕಿನ ಮೇಡಂ ನಾನು ತಪ್ಪು ಬರೆದ ಚಲನ್ ನೋಡಿ ಬೈಯದೆ ಇನ್ನೊಂದು ಕೊಟ್ಟರು." ಇಷ್ಟೇ. ದೊಡ್ಡ ವಿಷಯ ಒಂದೂ ಇಲ್ಲ. ಆದರೆ ವರ್ಷ ಆದ ಮೇಲೆ ಓದಿದರೆ ಆ ಮಳೆ ವಾಸನೆ ಸಮೇತ ನೆನಪಾಗುತ್ತದೆ.

ಬೈಬಲಿನ ಕೀರ್ತನೆ 103ರಲ್ಲಿ ದಾವೀದ ತನ್ನ ಮನಸ್ಸಿಗೇ ಬುದ್ಧಿ ಹೇಳುತ್ತಾನೆ, ಆತನ ಉಪಕಾರಗಳಲ್ಲಿ ಒಂದನ್ನೂ ಮರೆಯಬೇಡ ಅಂತ. ನನಗೆ ಅಲ್ಲಿ ಹಿಡಿಸುವುದು "ಒಂದನ್ನೂ" ಅನ್ನುವ ಮಾತು. ಮೊತ್ತ ಅಲ್ಲ, ಒಂದೊಂದೂ. ಮನಸ್ಸು ತಾನಾಗಿ ನೆನಪಿಡುವುದಿಲ್ಲ ಅಂತ ಗೊತ್ತಿದ್ದೇ ಅವನು ಹಾಗೆ ಹೇಳಿಕೊಂಡ ಅಂತ ಕಾಣುತ್ತದೆ. ನಮ್ಮ ಮನಸ್ಸು ಅವಮಾನದ ಲೆಕ್ಕವನ್ನು ಪೈಸೆ ಸಮೇತ ಇಟ್ಟಿರುತ್ತದೆ. ಉಪಕಾರದ ಲೆಕ್ಕಕ್ಕೆ ಮಾತ್ರ ಪುಸ್ತಕ ಬೇಕು.

ಇದು ಬರೀ ಭಕ್ತಿಯ ಮಾತಲ್ಲ ಅನ್ನುವುದಕ್ಕೆ ಒಂದು ಸಂಗತಿ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲ್ಲೊ 2003ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ ಕೆಲವರು ವಾರಕ್ಕೊಮ್ಮೆ, ಹತ್ತು ವಾರ, ತಮಗೆ ಸಿಕ್ಕ ಒಳ್ಳೆಯದನ್ನು ಬರೆದರು. ಇನ್ನು ಕೆಲವರು ಕಿರಿಕಿರಿಗಳನ್ನು ಬರೆದರು, ಮೂರನೇ ಗುಂಪು ಸುಮ್ಮನೆ ನಡೆದದ್ದನ್ನು ಬರೆಯಿತು. ಒಳ್ಳೆಯದನ್ನು ಬರೆದವರು ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಹೇಳಿಕೊಂಡರು. ಗಮನಿಸಿ, ವಾರಕ್ಕೊಮ್ಮೆ. ಹಾಗಾಗಿ ದಿನಾ ಆಗದಿದ್ದರೆ ಶನಿವಾರ ರಾತ್ರಿ ಒಂದು ಸಲ ಬರೆದರೂ ನಷ್ಟ ಇಲ್ಲ. ಆದರೆ ಮನಸ್ಸು ಹಗುರ ಆಗಲಿ ಅಂತಷ್ಟೇ ಬರೆಯುವುದಾದರೆ ಅದು ಪ್ರಾರ್ಥನೆ ಆಗುವುದಿಲ್ಲ, ಬರೀ ಔಷಧಿ ಆಗುತ್ತದೆ. ಔಷಧಿ ಒಳ್ಳೆಯದೇ. ನಾನು ಹೇಳುತ್ತಿರುವುದು ಬೇರೆ. ಬರೆದ ಮೇಲೆ ಆ ಮೂರು ಸಾಲನ್ನು ದೇವರ ಮುಂದೆ ಬಾಯಿಬಿಟ್ಟು ಓದಿ. ಬಸ್ಸಾರು ಅಂತ ಓದುವಾಗ ಮೊದಮೊದಲು ನಗು ಬರುತ್ತದೆ. ಬರಲಿ ಬಿಡಿ.

ಫೋನಿನಲ್ಲಿ ಬರೆಯಬಹುದಾ? ಬರೆಯಬಹುದು. ನಾನು ಬರೆದಾಗೆಲ್ಲ ಎರಡನೇ ಸಾಲಿಗೆ ವಾಟ್ಸಾಪ್ ಬಂದು, ಮೂರನೇ ಸಾಲು ಯಾರದೋ ಮದುವೆ ಫೋಟೋ ಆಗುತ್ತಿತ್ತು.

ಮಲಗುವ ಮುಂಚೆ ಐದು ನಿಮಿಷ

ಕ್ಯಾಥೊಲಿಕ್ ಗೆಳೆಯರಿಗೆ ಇದು ಗೊತ್ತಿರುತ್ತದೆ, ನಮ್ಮಂಥ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ, ಪ್ರಾಟೆಸ್ಟೆಂಟ್ ಸಭೆ) ಕಡೆಯವರಿಗೆ ಅಷ್ಟು ಗೊತ್ತಿಲ್ಲ. ಯೇಸುಸಭೆಯನ್ನು ಶುರು ಮಾಡಿದ ಸಂತ ಇಗ್ನೇಷಿಯಸ್ ಲೊಯೋಲಾ, 1491ರಿಂದ 1556ರವರೆಗೆ ಇದ್ದವರು, ದಿನದ ಆತ್ಮಪರೀಕ್ಷೆಗೆ ಐದು ಹೆಜ್ಜೆ ಹೇಳಿಕೊಟ್ಟರು. ಆತ್ಮಪರೀಕ್ಷೆ ಅಂದ ತಕ್ಷಣ ನಾವು ಪಾಪದ ಪಟ್ಟಿ ತೆಗೆಯುತ್ತೇವೆ. ಅವರು ಮೊದಲ ಹೆಜ್ಜೆಯಾಗಿ ಇಟ್ಟದ್ದು ಪಾಪವನ್ನಲ್ಲ, ಸಿಕ್ಕ ಉಪಕಾರಗಳಿಗೆ ದೇವರಿಗೆ ವಂದನೆ ಹೇಳುವುದನ್ನು. ಆಮೇಲೆ ಬೆಳಕಿಗಾಗಿ ಬೇಡುವುದು, ದಿನವನ್ನು ತಿರುಗಿ ನೋಡುವುದು, ಕ್ಷಮೆ ಕೇಳುವುದು, ನಾಳೆಗೆ ತೀರ್ಮಾನ ಮಾಡುವುದು.

ಈ ಕ್ರಮ ಯಾಕೆ ಮುಖ್ಯ ಅಂತ ಮಾಡಿ ನೋಡಿದಾಗ ತಿಳಿಯಿತು. ತಪ್ಪಿನಿಂದ ಶುರು ಮಾಡಿದ ರಾತ್ರಿ ನಾನು ಮ್ಯಾನೇಜರ್ ಮುಂದೆ ನಿಂತ ಹಾಗೆ ದೇವರ ಮುಂದೆ ನಿಲ್ಲುತ್ತೇನೆ, ನೆಪ ಹುಡುಕುತ್ತೇನೆ. ಉಪಕಾರದಿಂದ ಶುರು ಮಾಡಿದ ರಾತ್ರಿ ನೆಪ ಬೇಕಾಗುವುದಿಲ್ಲ. ಬೆಳಿಗ್ಗೆ ಎದ್ದಾಗಿನಿಂದ ಗಂಟೆ ಗಂಟೆಯಾಗಿ ನೆನಪಿಸಿಕೊಳ್ಳಿ: ಹಾಲು, ಸ್ನಾನದ ನೀರು, ಬಸ್ಸು, ಮೊದಲ ಫೋನ್ ಕಾಲ್, ಮಧ್ಯಾಹ್ನದ ಡಬ್ಬಿ. ಅರ್ಧಕ್ಕೇ ನಿದ್ದೆ ಬಂದರೆ ಬೇಜಾರು ಮಾಡಿಕೊಳ್ಳಬೇಡಿ. ಸ್ತೋತ್ರ ಹೇಳುತ್ತಾ ನಿದ್ದೆ ಹೋಗುವುದು ರೀಲ್ಸ್ ನೋಡುತ್ತಾ ನಿದ್ದೆ ಹೋಗುವುದಕ್ಕಿಂತ ವಾಸಿ.

ಊಟದ ಪ್ರಾರ್ಥನೆಯನ್ನು ನಿಧಾನ ಮಾಡಿ

ನಮ್ಮ ಮನೆಯ ಊಟದ ಪ್ರಾರ್ಥನೆ ಏಳು ಸೆಕೆಂಡಿನದು. ಮಗ ಹೇಳಿದರೆ ನಾಲ್ಕು. "ಪರಲೋಕದ ತಂದೆಯೇ ಈ ಆಹಾರಕ್ಕಾಗಿ ಸ್ತೋತ್ರ ಆಶೀರ್ವದಿಸಿ ಇಲ್ಲದವರಿಗೂ ಕೊಡಿ ಆಮೆನ್", ಒಂದೇ ಉಸಿರು, ಆಮೆನ್ ಅನ್ನುವಾಗಲೇ ಕೈ ಹಪ್ಪಳದ ಮೇಲೆ.

ಇದನ್ನು ಉದ್ದ ಮಾಡುವುದು ಬೇಡ, ಅನ್ನ ತಣ್ಣಗಾಗುತ್ತದೆ. ಒಂದೇ ಒಂದು ಬದಲಾವಣೆ ಮಾಡಿ: ತಟ್ಟೆಯಲ್ಲಿರುವ ಒಂದು ವಸ್ತುವನ್ನು ಹೆಸರಿಸಿ, ಅದು ತಟ್ಟೆಗೆ ಬಂದ ದಾರಿಯನ್ನು ಒಂದು ಮಾತಿನಲ್ಲಿ ಹೇಳಿ. ಇವತ್ತು ಟೊಮೇಟೊ. ಕೋಲಾರದ ಕಡೆ ಯಾರೋ ಕಿತ್ತರು, ರಾತ್ರಿ ಯಾರೋ ಲಾರಿ ಓಡಿಸಿದರು, ಬೆಳಿಗ್ಗೆ ತಳ್ಳುವ ಗಾಡಿಯ ಅಣ್ಣ ಬಾಗಿಲಿಗೆ ತಂದ. ನಾಳೆ ನೀರು. ಬೆಂಗಳೂರಿನವರು ಕುಡಿಯುವ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಅದೂ ಏರಿನ ಮೇಲೆ, ಪಂಪ್ ಆಗಿ ಬರುತ್ತದೆ. 2024ರ ಬೇಸಿಗೆ ನೆನಪಿದೆಯಾ? ಬೋರ್‌ವೆಲ್ ಒಣಗಿ, ಟ್ಯಾಂಕರ್‌ಗೆ ಕಾದು, ಅಪಾರ್ಟ್‌ಮೆಂಟಿನವರು ಕೈ ತೊಳೆಯಲೂ ಲೆಕ್ಕ ಹಾಕಿದ ಬೇಸಿಗೆ. ಆ ಎರಡು ತಿಂಗಳು ನಲ್ಲಿ ಸದ್ದು ಕೇಳಿದರೆ ಸಾಕು ನಮ್ಮ ಬೀದಿಯಲ್ಲಿ ಯಾರೋ ಒಬ್ಬರು "ನೀರು ಬಂತು!" ಅಂತ ಕೂಗುತ್ತಿದ್ದರು. ಅದು ಸ್ತೋತ್ರ ಅಲ್ಲದೆ ಇನ್ನೇನು? ಅದೇ ವರ್ಷದ ಅಕ್ಟೋಬರಿನಲ್ಲಿ ಕಾವೇರಿ ನೀರಿನ ಯೋಜನೆಯ ಐದನೇ ಹಂತ ಶುರುವಾಯಿತು. ನಾವು ಕೂಗುವುದನ್ನು ಅದಕ್ಕೂ ಮುಂಚೆಯೇ, ಮೊದಲ ಮಳೆಗೇ ಮರೆತಿದ್ದೆವು.

ಇನ್ನೊಂದು. ಧರ್ಮೋಪದೇಶಕಾಂಡ 8:10 ಹೇಳುವುದು ಉಂಡು ತೃಪ್ತರಾದ ಮೇಲೆ ಕೊಂಡಾಡುವುದನ್ನು. ನಾವು ಹಸಿದಾಗ ಪ್ರಾರ್ಥನೆ ಮಾಡುತ್ತೇವೆ, ಹೊಟ್ಟೆ ತುಂಬಿದ ಮೇಲೆ ಎದ್ದು ಹೋಗುತ್ತೇವೆ. ಕೈ ತೊಳೆಯುವಾಗ ಒಂದು ಮಾತು, ದೇವರಿಗೊಂದು, ಅಡುಗೆ ಮಾಡಿದವರಿಗೊಂದು. ಎರಡನೆಯದು ಜಾಸ್ತಿ ಕಷ್ಟ.

ಆಫೀಸ್ ಕ್ಯಾಂಟೀನಿನಲ್ಲಿ, ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವಾಗ ಪ್ರಾರ್ಥನೆ ಮಾಡಬೇಕಾ ಅಂತ ಕೆಲವರು ಕೇಳುತ್ತಾರೆ. ಕಣ್ಣು ಮುಚ್ಚಲೇಬೇಕು ಅಂತ ಎಲ್ಲೂ ಇಲ್ಲ. ಕಣ್ಣು ತೆರೆದೇ ಮಾಡಿ, ಚಟ್ನಿ ಚೆಲ್ಲುವುದು ತಪ್ಪುತ್ತದೆ.

ತಿರುಗಿ ಹೋಗಿ ಹೇಳಿ

ಈ ಬರಹದಲ್ಲಿ ಒಂದೇ ಒಂದನ್ನು ಮಾಡುವುದಾದರೆ ಇದನ್ನು ಮಾಡಿ.

ಲೂಕ 17ನೇ ಅಧ್ಯಾಯದ ಹತ್ತು ಮಂದಿ ಕುಷ್ಠರೋಗಿಗಳ ಕಥೆ ನಾವೆಲ್ಲ ಸಂಡೇ ಸ್ಕೂಲಿನಲ್ಲೇ ಕೇಳಿದ್ದೇವೆ. ಹತ್ತು ಮಂದಿಗೆ ವಾಸಿಯಾಯಿತು, ಒಬ್ಬ ತಿರುಗಿ ಬಂದ, ಅವನು ಯೆಹೂದ್ಯರು ಹೊರಗಿನವನು ಅಂತ ದೂರ ಇಟ್ಟಿದ್ದ ಸಮಾರ್ಯದವನು. ಉಳಿದ ಒಂಬತ್ತು ಮಂದಿಯನ್ನು ನಾವು ಸುಲಭವಾಗಿ ಬೈಯುತ್ತೇವೆ. ಆದರೆ ಅವರು ಹೇಳಿದ ಮಾತು ಮೀರಲಿಲ್ಲ. ಹೋಗಿ ಯಾಜಕರಿಗೆ ತೋರಿಸಿಕೊಳ್ಳಿ ಅಂತ ಯೇಸು ಹೇಳಿದ್ದ, ಅವರು ಹೋದರು. ಬಹುಶಃ ಅವರ ಮನಸ್ಸಿನಲ್ಲೂ ಕೃತಜ್ಞತೆ ತುಂಬಿ ತುಳುಕುತ್ತಿತ್ತು. ಕೆಲಸ ಮುಗಿಸಿ ಆಮೇಲೆ ಹೇಳೋಣ ಅಂದುಕೊಂಡಿರಬಹುದು. ನಾನೂ ಅದೇ ಅಂದುಕೊಂಡಿದ್ದೆ, ಡಿಸ್ಚಾರ್ಜ್ ಆಗಲಿ, ಬಿಲ್ ಮುಗಿಯಲಿ, ಆಮೇಲೆ ಎಲ್ಲರಿಗೂ ಹೇಳೋಣ ಅಂತ. ಹತ್ತನೆಯವನಿಗೂ ಒಂಬತ್ತು ಮಂದಿಗೂ ಇದ್ದ ವ್ಯತ್ಯಾಸ ಮನಸ್ಸಿನದು ಅಂತ ನಾನು ಹೇಳಲಾರೆ. ಕಾಲಿನದು. ಅವನು ತಿರುಗಿ ನಡೆದ.

ಹಾಗಾಗಿ ವಾರಕ್ಕೆ ಒಬ್ಬರು. ನೋಟ್‌ಬುಕ್ಕಿನ ಇಪ್ಪತ್ತೊಂದು ಸಾಲಿನಲ್ಲಿ ಒಬ್ಬರನ್ನು ಆರಿಸಿ, ಅವರಿಗೆ ನೇರವಾಗಿ ಹೋಗಿ ಹೇಳಿ. ದೂರ ಇದ್ದರೆ ಫೋನ್ ಮಾಡಿ. ಮೆಸೇಜ್ ಕೊನೆಯ ದಾರಿ, ಅದೂ ಎರಡು ಕೈ ಜೋಡಿಸಿದ ಚಿತ್ರ ಕಳಿಸುವುದಲ್ಲ, ಏನಕ್ಕೆ ಅಂತ ಬರೆಯಬೇಕು.

ಇಲ್ಲಿ ನಮಗೆ ಒಂದು ತೊಡಕಿದೆ. ಕನ್ನಡದಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳುವ ರೂಢಿ ಇಲ್ಲ. ಅಮ್ಮನಿಗೆ "ನಿನಗೆ ಧನ್ಯವಾದಗಳು" ಅಂದರೆ ಜ್ವರ ಬಂದಿದೆಯಾ ಅಂತ ಹಣೆ ಮುಟ್ಟಿ ನೋಡುತ್ತಾಳೆ. ಹೆಂಡತಿಗೆ ಮೊದಲ ಸಲ ಹೇಳಿದಾಗ ಅವಳು, "ಏನ್ರೀ, ಏನ್ ಬೇಕಿತ್ತು?" ಅಂತ ಕೇಳಿದಳು. ಹಾಗಾದರೆ ಹೇಗೆ ಹೇಳುವುದು? ಧನ್ಯವಾದ ಅನ್ನುವ ಪದ ಬಿಟ್ಟುಬಿಡಿ. ಅವರು ಮಾಡಿದ್ದನ್ನು ನಾನು ನೋಡಿದೆ ಅಂತ ಹೇಳಿ. "ನಿನ್ನೆ ನೀನು ನಿದ್ದೆಗೆಟ್ಟು ಮಗನ ಪ್ರಾಜೆಕ್ಟ್ ಅಂಟಿಸಿದ್ದು ನೋಡಿದೆ." "ಅಮ್ಮಾ, ನಾನು ಬರೋ ತನಕ ನೀನು ಊಟ ಮಾಡಿರಲಿಲ್ಲ, ಅಲ್ವಾ?" ಅಷ್ಟು ಸಾಕು, ಅವರಿಗೆ ಅರ್ಥ ಆಗುತ್ತದೆ. ಹೊರಗಿನವರಿಗಾದರೆ ನಮ್ಮ ಹಳೇ ಮಾತೇ ಚೆನ್ನ: "ನಿಮ್ಮಿಂದ ತುಂಬಾ ಉಪಕಾರ ಆಯ್ತು." ಥ್ಯಾಂಕ್ಸ್ ಅಂತ ಎಲ್ಲರೂ ಹೇಳುತ್ತಾರೆ. ಉಪಕಾರ ಆಯ್ತು ಅಂದರೆ ಜನ ಒಂದು ಕ್ಷಣ ನಿಂತು ಮುಖ ನೋಡುತ್ತಾರೆ.

ಹೆಸರು ಕೇಳಿ. ಬೆಳಿಗ್ಗೆ ಬೀದಿ ಗುಡಿಸುವ ಪೌರಕಾರ್ಮಿಕ ಅಕ್ಕ, ಸೆಕ್ಯುರಿಟಿ ತಾತ, ಸಿಲಿಂಡರ್ ಹೊತ್ತು ಮೂರು ಮಹಡಿ ಹತ್ತುವ ಹುಡುಗ, ದಿನಾ ಹತ್ತುವ ಬಸ್ಸಿನ ಕಂಡಕ್ಟರ್. ಒಂದೇ ಸಲ ಎಲ್ಲರನ್ನೂ ವಿಚಾರಿಸಲು ಹೋಗಬೇಡಿ, ಜನಗಣತಿಯವನು ಅಂದುಕೊಳ್ಳುತ್ತಾರೆ. ಆಯಾ ಸಿಗದೆ ಹೋದ ಮೇಲೆ ನಾನು ಮೊದಲು ಕೇಳಿದ ಹೆಸರು ನಮ್ಮ ಬೀದಿ ಗುಡಿಸುವ ಅಕ್ಕನದು. ಐದು ವರ್ಷ ಅವರನ್ನು ನೋಡಿದ್ದೆ. ಅವರು ಹೆಸರು ಹೇಳಿ, "ಯಾಕ್ ಸಾರ್, ಕಂಪ್ಲೇಂಟ್ ಕೊಡ್ತೀರಾ?" ಅಂದರು. ಅವರ ಹೆಸರನ್ನು ಇಷ್ಟು ವರ್ಷದಲ್ಲಿ ಜನ ಕೇಳಿದ್ದು ಅದಕ್ಕೆ ಮಾತ್ರ ಅಂತ ಕಾಣುತ್ತದೆ. ಅವತ್ತಿನ ನನ್ನ ಪುಟದಲ್ಲಿ ಸ್ತೋತ್ರಕ್ಕಿಂತ ನಾಚಿಕೆ ಜಾಸ್ತಿ ಇದೆ.

ಯೇಸುವಿನ ಅಪೊಸ್ತಲ ಪೌಲ ರೋಮಾಪುರದವರಿಗೆ ಬರೆದ ಪತ್ರದ 16ನೇ ಅಧ್ಯಾಯವನ್ನು ನಾವು ಹಾರಿಸಿ ಓದುತ್ತೇವೆ, ಬರೀ ಹೆಸರುಗಳು ಅಂತ. ಹದಿನೈದು ಅಧ್ಯಾಯ ಅಷ್ಟು ಗಟ್ಟಿ ವಿಷಯ ಬರೆದವನು ಕೊನೆಗೆ ಕೂತು ಇಪ್ಪತ್ತೈದಕ್ಕೂ ಹೆಚ್ಚು ಜನರನ್ನು ಒಬ್ಬೊಬ್ಬರಾಗಿ ನೆನೆಯುತ್ತಾನೆ. ಫೊಯಿಬೆ ಅನೇಕರಿಗೆ ಸಹಾಯ ಮಾಡಿದಳು, ನನಗೂ ಮಾಡಿದಳು. ಪ್ರಿಸ್ಕ ಮತ್ತು ಅಕ್ವಿಲ ನನ್ನ ಪ್ರಾಣಕ್ಕಾಗಿ ತಮ್ಮ ಕುತ್ತಿಗೆ ಒಡ್ಡಿದರು. ರೂಫನ ತಾಯಿ ನನಗೂ ತಾಯಿ. ಹೆಸರು, ಮಾಡಿದ ಕೆಲಸ, ಯಾರಿಗೆ ಮಾಡಿದ್ದು, ಎಲ್ಲ ಇದೆ. ಮಧ್ಯದಲ್ಲಿ ಪತ್ರ ಬರೆದುಕೊಂಡ ತೆರ್ತ್ಯ ಕೂಡ ತಲೆ ಎತ್ತಿ ನಾನೂ ವಂದಿಸುತ್ತೇನೆ ಅನ್ನುತ್ತಾನೆ. ಗುಮಾಸ್ತರ ಜಾತಿಯವನಾದ ನನಗೆ ಇಡೀ ಪತ್ರದಲ್ಲಿ ತೆರ್ತ್ಯನ ಮೇಲೆ ವಿಶೇಷ ಪ್ರೀತಿ.

ಋಣ ಬೇರೆ, ಕೃಪೆ ಬೇರೆ

ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಅನ್ನುವ ಗಾದೆ ಕೇಳಿ ಬೆಳೆದವರು ನಾವು. ಅನ್ನದ ಋಣ, ಹಾಲಿನ ಋಣ, ಮಣ್ಣಿನ ಋಣ, ಇವು ನಮ್ಮ ಮಾತಿನಲ್ಲೇ ಇವೆ. ಒಳ್ಳೆಯ ಮಾತುಗಳು. ಆದರೆ ಋಣ ಅಂದ ಮೇಲೆ ತೀರಿಸಬೇಕು ಅನ್ನುವ ಭಾರ ಬರುತ್ತದೆ. ಯಾರಾದರೂ ಒಂದು ಡಬ್ಬಿ ಪಾಯಸ ಕೊಟ್ಟರೆ ಖಾಲಿ ಡಬ್ಬಿ ವಾಪಸ್ ಕೊಡಬಾರದು ಅಂತ ನಾವು ಪರದಾಡುತ್ತೇವೆ. ಕೆಲವರು ಇದೇ ಲೆಕ್ಕವನ್ನು ದೇವರ ಹತ್ತಿರವೂ ಇಟ್ಟುಕೊಳ್ಳುತ್ತಾರೆ. ಮಗನಿಗೆ ಸೀಟ್ ಸಿಕ್ಕಿತು, ಇಷ್ಟು ಕಾಣಿಕೆ. ಕೊಡದಿದ್ದರೆ ಏನಾದರೂ ಆದೀತು ಅನ್ನುವ ಭಯ.

ನಾನು ನಂಬಿರುವ ಸುವಾರ್ತೆಯಲ್ಲಿ ಆ ಬಾಕಿ ನಾವು ತೀರಿಸುವಂಥದ್ದಲ್ಲ. ಕೃಪೆ ಅಂದರೆ ಅದೇ. ಹಾಗಾಗಿ ಒಂದು ಪರೀಕ್ಷೆ ಹೇಳುತ್ತೇನೆ: ಸ್ತೋತ್ರ ಹೇಳಿದ ಮೇಲೆ ಭಯ ಕಮ್ಮಿ ಆಯಿತಾ, ಜಾಸ್ತಿ ಆಯಿತಾ ನೋಡಿಕೊಳ್ಳಿ. ಜಾಸ್ತಿ ಆದರೆ ನೀವು ಕಂತು ಕಟ್ಟುತ್ತಿದ್ದೀರಿ.

ಹೋಲಿಸಿ ಹೇಳುವ ಸ್ತೋತ್ರದ ಬಗ್ಗೆ ಎಚ್ಚರ

"ದೇವರೇ, ನಿನಗೆ ಸ್ತೋತ್ರ" ಅಂತ ಶುರುವಾಗುವ ಒಂದು ಪ್ರಾರ್ಥನೆಯನ್ನು ಯೇಸು ತಪ್ಪಿನ ಉದಾಹರಣೆಯಾಗಿ ಕೊಟ್ಟಿದ್ದಾನೆ. ಲೂಕ 18ರ ಫರಿಸಾಯ, ಧರ್ಮದ ನಿಯಮಗಳನ್ನು ಕಟ್ಟುನಿಟ್ಟಾಗಿ ಪಾಲಿಸುವ ಯೆಹೂದಿ ಪಂಗಡದವನು. ನಾನು ಉಳಿದವರ ಹಾಗಲ್ಲ, ಅದಕ್ಕೆ ಸ್ತೋತ್ರ ಅನ್ನುತ್ತಾನೆ. ಸಿಗ್ನಲ್ಲಿನಲ್ಲಿ ಮಗು ಎತ್ತಿಕೊಂಡು ಕಾರಿನ ಗಾಜು ತಟ್ಟುವ ಹೆಂಗಸನ್ನು ನೋಡಿ ನಮ್ಮ ಮಕ್ಕಳಿಗೆ "ನೋಡು, ನಿನಗೆ ದೇವರು ಎಷ್ಟು ಕೊಟ್ಟಿದ್ದಾನೆ" ಅಂತ ಪಾಠ ಹೇಳುತ್ತೇವಲ್ಲ, ಅದು ಇದೇ ಪ್ರಾರ್ಥನೆ. ಆ ಹೆಂಗಸು ನಮ್ಮ ಕೃತಜ್ಞತೆಯ ಪಾಠಕ್ಕೆ ಚಿತ್ರಪಟ ಅಲ್ಲ. ನೋಟ್‌ಬುಕ್ಕಿನಲ್ಲಿ "ಅವರ ಹಾಗೆ ಆಗಲಿಲ್ಲ" ಅನ್ನುವ ಸಾಲು ಬಂದರೆ ಹೊಡೆದುಹಾಕಿ.

ಸ್ತೋತ್ರ ಬಾಯಿಗೆ ಬಾರದ ದಿನ

2020ರಲ್ಲಿ ಲಾಕ್‌ಡೌನ್ ಸಮಯದಲ್ಲಿ ನನ್ನ ಹಿಂದಿನ ಕೆಲಸ ಹೋಯಿತು. ಹದಿನಾಲ್ಕು ವರ್ಷ ಮಾಡಿದ ಕೆಲಸ, ನಾಲ್ಕು ಸಾಲಿನ ಮೇಲ್‌ನಲ್ಲಿ ಮುಗಿಯಿತು. ಸಭೆಯ ಹಿರಿಯರೊಬ್ಬರು ಫೋನ್ ಮಾಡಿ, "ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಅಂತ ವಾಕ್ಯ ಇದೆಯಲ್ಲಪ್ಪ, ಸ್ತೋತ್ರ ಹೇಳು" ಅಂದರು. ಒಳ್ಳೆ ಮನಸ್ಸಿನಿಂದಲೇ ಹೇಳಿದರು. ನಾನು ಫೋನ್ ಇಟ್ಟು ಗೋಡೆ ನೋಡುತ್ತಾ ಕೂತೆ.

1 ಥೆಸಲೋನಿಕ 5:18 ಎಲ್ಲಾದರಲ್ಲಿಯೂ ಅನ್ನುತ್ತದೆ. ಕೆಲಸ ಹೋದದ್ದಕ್ಕೆ ಸ್ತೋತ್ರ ಅಲ್ಲ, ಕೆಲಸ ಹೋದ ಹೊತ್ತಿನಲ್ಲೂ ಸ್ತೋತ್ರ. ಇಷ್ಟು ಹೇಳಿ ಮುಗಿಸಬಹುದಿತ್ತು, ಆದರೆ ಎಫೆಸ 5:20ರಲ್ಲಿ ಎಲ್ಲದಕ್ಕೋಸ್ಕರವೂ ಅಂತ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ನನಗೆ ಆ ಎರಡನೆಯದು ಇನ್ನೂ ಪೂರ್ತಿ ದಕ್ಕಿಲ್ಲ. ದಕ್ಕಿದ ದಿನ ಬರೆಯುತ್ತೇನೆ. ಅಲ್ಲಿಯವರೆಗೆ ಮೊದಲನೆಯದನ್ನು ಹಿಡಿದುಕೊಂಡಿದ್ದೇನೆ.

ಇಂಥ ದಿನಗಳಲ್ಲಿ ಮೊದಲು ದೂರು ಹೇಳಿ. ಕೀರ್ತನೆಗಳ ಪುಸ್ತಕದಲ್ಲಿ ಅಳು ತುಂಬಾ ಇದೆ. 13ನೆಯ ಕೀರ್ತನೆ ಎಷ್ಟರವರೆಗೆ, ಎಷ್ಟರವರೆಗೆ ಅಂತ ಶುರುವಾಗಿ ಹಾಡಿನಲ್ಲಿ ಮುಗಿಯುತ್ತದೆ. 88ನೆಯದು ಕತ್ತಲೆಯಲ್ಲೇ ಮುಗಿಯುತ್ತದೆ, ಸ್ತೋತ್ರ ಇಲ್ಲವೇ ಇಲ್ಲ. ಅದನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ. ನಿಮ್ಮ ಬೈಬಲಿನಲ್ಲಿ ಯೆಹೋವ ಅಂತ ಇರಲಿ, ಸರ್ವೇಶ್ವರ ಅಂತ ಇರಲಿ, ಆ ಕೀರ್ತನೆಯನ್ನು ಗಟ್ಟಿಯಾಗಿ ಓದಿ. ಆಮೇಲೆ ಮೂರು ಸಾಲಿನ ಬದಲು ಒಂದೇ ಸಾಲು ಬರೆಯಿರಿ, ಎಷ್ಟು ಚಿಕ್ಕದಾದರೂ ಸರಿ, ಸುಳ್ಳಾಗಿರಬಾರದು. ಆ ತಿಂಗಳು ನನ್ನ ಪುಸ್ತಕದಲ್ಲಿ "ಎದುರು ಮನೆಯವರು ಕೊತ್ತಂಬರಿ ಸೊಪ್ಪು ಕೊಟ್ಟರು" ಅಂತ ಇದೆ, ಮಾರನೇ ದಿನ "ಮಗ ನಕ್ಕ" ಅಂತ ಇದೆ, ಆಮೇಲೆ ನಾಲ್ಕು ದಿನ ಏನೂ ಇಲ್ಲ.

ಸಾವಿನ ಮನೆಗೆ ಹೋದಾಗ ಯಾರಿಗೂ ಸ್ತೋತ್ರ ಹೇಳಿ ಅಂತ ಹೇಳಬೇಡಿ. ಅನ್ನ ಸಾರು ತಗೊಂಡು ಹೋಗಿ. ಪಾತ್ರೆ ತೊಳೆದು ಬನ್ನಿ.

ಒಬ್ಬರೇ ತಿನ್ನಲಾಗದ ಊಟ

ಯಾಜಕಕಾಂಡ 7ರಲ್ಲಿ ಕೃತಜ್ಞತಾ ಯಜ್ಞದ ನಿಯಮ ಇದೆ. ಆ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನ ತನಕ ಏನೂ ಉಳಿಸಬಾರದು. ಮೊದಲು ಓದಿದಾಗ ಇದೇನೋ ಮಡಿ ವಿಚಾರ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿ: ಒಂದು ಕುರಿ, ಒಂದು ಕುಟುಂಬ, ಒಂದು ದಿನ. ಮುಗಿಯುವುದೇ ಇಲ್ಲ. ಅಕ್ಕಪಕ್ಕದವರನ್ನು ಕರೆಯಲೇಬೇಕು. ಅವರು ಬಂದರೆ ಏನು ವಿಶೇಷ ಅಂತ ಕೇಳುತ್ತಾರೆ, ನೀವು ಹೇಳಲೇಬೇಕು. ನಿಯಮದ ಒಳಗೇ ಪಂಕ್ತಿ ಊಟ ಅಡಗಿ ಕೂತಿದೆ. ಫ್ರಿಜ್ ಬಂದ ಮೇಲೆ ನಮ್ಮ ಸ್ತೋತ್ರಕ್ಕೆ ದೊಡ್ಡ ಪೆಟ್ಟು ಬಿತ್ತು ಅಂತ ನಾನು ತಮಾಷೆ ಮಾಡುತ್ತಿರುತ್ತೇನೆ.

ನಮ್ಮಲ್ಲಿ ಇದಕ್ಕೆ ದಾರಿಗಳು ಆಗಲೇ ಇವೆ. ಕ್ರಿಸ್ಮಸ್‌ನಲ್ಲಿ ಕಜ್ಜಾಯ, ಕರ್ಜಿಕಾಯಿ, ಕಲ್ಕಲ್, ಕೇಕ್ ಇಟ್ಟ ತಟ್ಟೆ ಬೀದಿಗೆಲ್ಲ ಹೋಗುತ್ತದೆ. ಅದನ್ನು ಡಿಸೆಂಬರಿಗೆ ಮಾತ್ರ ಕಟ್ಟಿಹಾಕಬೇಡಿ. ಒಳ್ಳೆ ಸುದ್ದಿ ಬಂದ ದಿನ ಮಾಡಿದ ಅಡುಗೆಯಲ್ಲಿ ಒಂದು ಡಬ್ಬಿ ಪಕ್ಕದ ಮನೆಗೆ. ಮೊಟ್ಟೆ ತಿನ್ನದ ಮನೆಗೆ ಮೊಟ್ಟೆ ಹಾಕದ ಕೇಕ್ ಕಳಿಸುವುದು, ಕೊಡುವ ಮುಂಚೆ ವಿಚಾರಿಸುವುದು ಮರ್ಯಾದೆ. ಸಭೆಯ ಸುಗ್ಗಿ ಹಬ್ಬಕ್ಕೆ ಊರಲ್ಲಿ ರಾಗಿ, ಕುಂಬಳಕಾಯಿ ತರುತ್ತಿದ್ದರು. ನಾವು ಬೆಂಗಳೂರಿನವರು ಅಂಗಡಿಯಲ್ಲಿ ಕೊಂಡ ಸೇಬಿನ ಡಬ್ಬಿ ತಂದು ಹರಾಜಿನಲ್ಲಿ ನಾವೇ ಕೂಗಿ ಕೊಳ್ಳುತ್ತೇವೆ. ನನ್ನ ಹೆಂಡತಿ ಎರಡು ವರ್ಷದಿಂದ ಮಹಡಿ ಮೇಲಿನ ಕುಂಡದಲ್ಲಿ ಬೆಳೆದ ಕರಿಬೇವು, ನಿಂಬೆಹಣ್ಣು ತರುತ್ತಾಳೆ. ಹೋದ ವರ್ಷ ಹನ್ನೊಂದು ನಿಂಬೆಹಣ್ಣು. ಅಯ್ಯನವರು ಆಶೀರ್ವಾದ ಮಾಡುವಾಗ ಅವಳು ಅವನ್ನೇ ನೋಡುತ್ತಿದ್ದಳು.

ಕಾಣಿಕೆ ಹಾಕುವುದಾದರೆ ಕವರಿನ ಮೇಲೆ ಬರೀ "ಕೃತಜ್ಞತಾ ಕಾಣಿಕೆ" ಅಂತ ಬರೆಯದೆ ಯಾತಕ್ಕೆ ಅಂತ ಒಂದು ಸಾಲು ಬರೆಯಿರಿ. ಮೊತ್ತವನ್ನು ಮೈಕಿನಲ್ಲಿ ಓದಿಸಬೇಡಿ.

ಮಕ್ಕಳ ವಿಷಯ ಒಂದೇ ಮಾತು: ಬಲವಂತ ಬೇಡ. "ಅಂಕಲ್‌ಗೆ ಥ್ಯಾಂಕ್ಸ್ ಹೇಳು" ಅಂತ ತಲೆ ತಟ್ಟಿ ಹೇಳಿಸಿದ್ದು ಅವರ ಬಾಯಿಯಿಂದ ಬರುತ್ತದೆ, ಅಷ್ಟೇ. ನೀವು ಹೇಳುವುದನ್ನು ಅವರು ನೋಡಲಿ.

ವರ್ಷಕ್ಕೊಮ್ಮೆ ಪುಸ್ತಕ ತೆರೆಯಿರಿ

ಲಿಂಗರಾಜಪುರ, ಕಮ್ಮನಹಳ್ಳಿ ಕಡೆ ಒಂದು ಸುತ್ತು ಹಾಕಿದರೆ ಎಬೆನೆಜೆರ್ ಅಂತ ಹೆಸರಿರುವ ಮನೆ ಸಿಗುತ್ತದೆ, ಆಟೋ ಹಿಂದೆಯೂ ಅದೇ ಹೆಸರು ಕಾಣುತ್ತದೆ. 1 ಸಮುವೇಲ 7:12ರಲ್ಲಿ ಸಮುವೇಲ ಒಂದು ಕಲ್ಲು ನಿಲ್ಲಿಸಿ ಇಟ್ಟ ಹೆಸರು ಅದು, ಸಹಾಯದ ಕಲ್ಲು ಅಂತ ಅರ್ಥ. ದೇವರು ಇಲ್ಲಿಯವರೆಗೆ ಸಹಾಯ ಮಾಡಿದ ಅಂದ ಅವನು. ಮುಂದೆ ಏನಾಗುತ್ತದೆ ಅಂತ ಹೇಳಲಿಲ್ಲ, ಇಲ್ಲಿಯವರೆಗೆ ಅಷ್ಟೇ.

ಡಿಸೆಂಬರ್ 31ರ ರಾತ್ರಿ ಆರಾಧನೆಗೆ ಹೊರಡುವ ಮುಂಚೆ ನಾವು ಮನೆಯಲ್ಲಿ ಕೂತು ಆ ವರ್ಷದ ಪುಸ್ತಕ ಓದುತ್ತೇವೆ. ಎಲ್ಲವನ್ನೂ ಅಲ್ಲ, ಅಲ್ಲಲ್ಲಿ ತೆರೆದು ಓದುತ್ತೇವೆ. ಅಮ್ಮ ಮಧ್ಯ ಮಧ್ಯ ತಿದ್ದುತ್ತಾಳೆ, "ಅದು ಮಂಗಳವಾರ ಅಲ್ಲ ಕಣೋ, ಬುಧವಾರ." ಮೊದಲ ಪುಸ್ತಕದ ಮೊದಲ ಪುಟವನ್ನು ಮಾತ್ರ ಪ್ರತಿ ವರ್ಷ ಓದುತ್ತೇವೆ. ಅಲ್ಲಿ "ರಾತ್ರಿ ಪಾಳಿಯ ಆಯಾ, ಒಂಬತ್ತು ರಾತ್ರಿ" ಅಂತ ಇದೆ, ಹೆಸರಿನ ಜಾಗ ಖಾಲಿ ಬಿಟ್ಟಿದ್ದೇನೆ.

ಇನ್ನು, ಬಿಟ್ಟುಹೋದರೆ ಏನು ಮಾಡುವುದು? ಬಿಟ್ಟುಹೋಗುತ್ತದೆ. ಹಿಂದಿನದನ್ನೆಲ್ಲ ನೆನಪು ಮಾಡಿಕೊಂಡು ತುಂಬಿಸಲು ಹೋಗಬೇಡಿ, ಅದು ಕಳ್ಳ ಲೆಕ್ಕ ಆಗುತ್ತದೆ. ತಾರೀಖು ಹಾಕಿ, ಇವತ್ತಿನಿಂದ ಶುರು ಮಾಡಿ. ನನ್ನ ಎಲ್ಲಾ ಪುಸ್ತಕಗಳಲ್ಲೂ ಮಾರ್ಚ್ ತಿಂಗಳು ಹೆಚ್ಚುಕಮ್ಮಿ ಪೂರ್ತಿ ಖಾಲಿ. ಲೆಕ್ಕಪತ್ರದವರಿಗೆ ಯಾಕೆ ಅಂತ ಗೊತ್ತು: ವರ್ಷಾಂತ್ಯ, ಆಡಿಟ್, ರಾತ್ರಿ ಹತ್ತಕ್ಕೆ ಮನೆ. ಈ ವರ್ಷವೂ ಹಾಗೇ ಆಯಿತು. ಏಪ್ರಿಲ್ 1ನೇ ತಾರೀಖಿನ ಮೊದಲ ಸಾಲು: "ಮಾರ್ಚ್ ಮುಗಿಯಿತು. ಬಾಕಿ ತಾಳೆ ಆಗುವ ತನಕ ನಮ್ಮ ಸೆಕ್ಷನ್ನಿನ ಪ್ಯೂನ್ ಮನೆಗೆ ಹೋಗದೆ ಮೂರು ಸಲ ಟೀ ತಂದುಕೊಟ್ಟ. ಸ್ತೋತ್ರ." ಅವನ ಹೆಸರೂ ಬರೆದಿದ್ದೇನೆ.